‘ಮನೆ ಖಾಲಿ ಮಾಡಿ’ ಅಂದರೆ ಏನು ಮಾಡಬೇಕು? ಬಾಡಿಗೆದಾರರಿಗೆ ಉಚಿತ ಕಾನೂನು ನೆರವು ಫೋನ್‌ನಲ್ಲೇ ಪಡೆಯುವ ದಾರಿ

ಓನರ್ ‘ಮುಂದಿನ ತಿಂಗಳು ಮನೆ ಖಾಲಿ ಮಾಡಿ’ ಅಂದ ಕೂಡಲೇ ಹೆಚ್ಚಿನವರು ಗೂಗಲ್‌ನಲ್ಲಿ ಲಾಯರ್ ಹುಡುಕಲು ಶುರು ಮಾಡುತ್ತಾರೆ. ಮೊದಲ ಪುಟದಲ್ಲಿ ಬರುವುದು ಬಹುತೇಕ ಜಾಹೀರಾತು. ‘ಫ್ರೀ ಕನ್ಸಲ್ಟೇಶನ್’ ಅಂತ ಬರೆದಿರುತ್ತದೆ. ನಂಬರ್ ಕೊಟ್ಟರೆ ಫೋನ್ ಬರುತ್ತದೆ, ಎರಡನೇ ಮಾತಿಗೇ ಫೀಸ್ ವಿಷಯ ಬರುತ್ತದೆ. ನಿಜವಾಗಿ ಉಚಿತವಾಗಿರುವ ಸರ್ಕಾರಿ ವ್ಯವಸ್ಥೆ ಜಾಹೀರಾತು ಕೊಡುವುದಿಲ್ಲ. ಹಾಗಾಗಿ ಅದು ಕಣ್ಣಿಗೇ ಬೀಳುವುದಿಲ್ಲ.

ಆ ವ್ಯವಸ್ಥೆಯನ್ನು ಫೋನ್‌ನಿಂದಲೇ ಹೇಗೆ ಬಳಸಿಕೊಳ್ಳುವುದು ಅಂತ ಇಲ್ಲಿ ಬರೆದಿದ್ದೇನೆ. ಕರ್ನಾಟಕದಲ್ಲಿ ಬಾಡಿಗೆಗೆ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬಾಡಿಗೆ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮುಂಬೈನವರಿಗೋ ದೆಹಲಿಯವರಿಗೋ ಬರೆದ ಸಲಹೆ ಓದಿಕೊಂಡು ಇಲ್ಲಿ ವಾದ ಮಾಡಲು ಹೋಗಬೇಡಿ.

ಮೊದಲು ಕೈಯಲ್ಲಿ ಏನಿದೆ ನೋಡಿ

ಯಾರಿಗೆ ಫೋನ್ ಮಾಡಬೇಕು, ಎಷ್ಟು ಆತುರ ಪಡಬೇಕು ಅನ್ನುವುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಖಾಲಿ ಮಾಡಿ ಅಂತ ನಿಮಗೆ ಯಾರು, ಹೇಗೆ ಹೇಳಿದರು?

ಬರೀ ಬಾಯಿಮಾತು ಅಥವಾ ವಾಟ್ಸಾಪ್ ಮೆಸೇಜ್ ಆದರೆ ನಿಮಗೆ ಸಮಯ ಇದೆ. ಅದನ್ನು ಅಳಿಸಬೇಡಿ, ಅಷ್ಟೆ.

ಲಾಯರ್ ನೋಟಿಸ್ ಬಂದಿದ್ದರೆ ಓನರ್ ಕೋರ್ಟ್‌ಗೆ ಹೋಗಲು ತಯಾರಿ ಮಾಡುತ್ತಿದ್ದಾರೆ ಅಂತ ಅರ್ಥ. ನೋಟಿಸ್ ಕೋರ್ಟ್ ಆದೇಶ ಅಲ್ಲ. ಅದರಲ್ಲಿ ‘15 ದಿನದಲ್ಲಿ ಮನೆ ಬಿಡದಿದ್ದರೆ’ ಅಂತ ಇದ್ದರೂ ಹದಿನಾರನೇ ದಿನ ನಿಮ್ಮ ಸಾಮಾನನ್ನು ಬೀದಿಗೆ ಹಾಕುವ ಹಕ್ಕು ಯಾರಿಗೂ ಬರುವುದಿಲ್ಲ. ಆ ದಿನದಿಂದ ಓನರ್‌ಗೆ ದಾವೆ ಹೂಡಲು ದಾರಿ ಆಗುತ್ತದೆ, ಅಷ್ಟೇ.

ಕೋರ್ಟ್‌ನಿಂದ ಸಮನ್ಸ್ ಬಂದಿದ್ದರೆ ದಿನ ಎಣಿಸಲು ಶುರು ಮಾಡಿ. ಸಮನ್ಸ್ ಕೈ ಸೇರಿದ 30 ದಿನದೊಳಗೆ ನಿಮ್ಮ ಲಿಖಿತ ಹೇಳಿಕೆ ಕೋರ್ಟ್‌ಗೆ ಹೋಗಬೇಕು. ಕಾರಣ ಕೊಟ್ಟರೆ ನ್ಯಾಯಾಧೀಶರು 90 ದಿನದವರೆಗೆ ಬಿಡಬಹುದು. ಬಿಡಲೇಬೇಕು ಅಂತೇನಿಲ್ಲ. ನೀವು ಹಾಜರಾಗದೇ ಹೋದರೆ ಕೇಸ್ ಏಕಪಕ್ಷೀಯವಾಗಿ, ಅಂದರೆ ನಿಮ್ಮ ಮಾತು ಕೇಳದೆಯೇ, ಮುಗಿಯುತ್ತದೆ. ಬಾಡಿಗೆದಾರರು ಸೋಲುವುದು ಹೆಚ್ಚಾಗಿ ಇಲ್ಲೇ. ವಾದದಲ್ಲಿ ಸೋಲುವುದಕ್ಕಿಂತ ಹೋಗದೇ ಸೋಲುವವರು ಜಾಸ್ತಿ.

ಕೋರ್ಟ್ ಆದೇಶ ಜಾರಿ ಮಾಡುವ ಅಮೀನರು ವಾರಂಟ್ ಹಿಡಿದು ಬಾಗಿಲಿಗೆ ಬಂದಿದ್ದರೆ ಡಿಕ್ರಿ, ಅಂದರೆ ಕೇಸಿನ ತೀರ್ಪಿನ ಆದೇಶ, ಆಗಿಹೋಗಿದೆ. ಅವತ್ತೇ ಉಚಿತ ಲಾಯರ್ ಕೊಡಿಸುವ ಸರ್ಕಾರಿ ಸಂಸ್ಥೆಯಾದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು. ಕೇಸ್ ನಡೆದದ್ದೇ ಗೊತ್ತಿಲ್ಲದಿದ್ದರೆ ಏಕಪಕ್ಷೀಯ ಡಿಕ್ರಿ ರದ್ದು ಮಾಡಿ ಅಂತ ಅರ್ಜಿ ಹಾಕಬಹುದು. ಅದಕ್ಕೂ 30 ದಿನದ ಗಡುವಿದೆ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ವಿಷಯ ನಿಮಗೆ ತಿಳಿದ ದಿನದಿಂದ ಎಣಿಕೆ.

ಇನ್ನೊಂದು ಮಾತು. ಪೋಸ್ಟ್‌ಮ್ಯಾನ್ ತಂದ ಲಕೋಟೆಯನ್ನು ‘ಬೇಡ’ ಅಂತ ವಾಪಸ್ ಕಳಿಸುವುದು ಜಾಣತನ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸರಿಯಾದ ವಿಳಾಸಕ್ಕೆ ಬಂದ ಪತ್ರವನ್ನು ನಿರಾಕರಿಸಿದರೆ ಅದು ನಿಮಗೆ ತಲುಪಿದೆ ಅಂತಲೇ ಕೋರ್ಟ್ ತಿಳಿಯುತ್ತದೆ. ಒಳಗೆ ಏನಿತ್ತು ಅನ್ನುವುದು ಮಾತ್ರ ನಿಮಗೆ ಗೊತ್ತಾಗುವುದಿಲ್ಲ. ತಗೊಳ್ಳಿ, ಲಕೋಟೆ ಸಮೇತ ಫೋಟೋ ತೆಗೆದಿಡಿ. ಲಕೋಟೆ ಮೇಲಿನ ಅಂಚೆ ಮುದ್ರೆಯ ತಾರೀಖು ಮುಂದೆ ಬೇಕಾಗುತ್ತದೆ.

ನಿಮ್ಮ ಮನೆಗೆ ಯಾವ ಕಾನೂನು?

ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ. ಅದರಡಿ ಮನೆ ಖಾಲಿ ಮಾಡಿಸಲು ಓನರ್ ಕಾನೂನು ಹೇಳಿದ ಕಾರಣಗಳಲ್ಲಿ ಒಂದನ್ನಾದರೂ ತೋರಿಸಬೇಕು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಬಾಡಿಗೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ದಾಟಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಈಗಿನ ಬಾಡಿಗೆಯಲ್ಲಿ ಎಷ್ಟು ಮನೆ ಅದರೊಳಗೆ ಬರುತ್ತವೆ ನೀವೇ ಹೇಳಿ.

ಉಳಿದವರಿಗೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಸಾಕು. ಎಣಿಕೆ ನೋಟಿಸ್ ಸಿಕ್ಕ ದಿನದಿಂದ. ಅಗ್ರಿಮೆಂಟ್‌ನಲ್ಲಿ ‘ಎರಡು ತಿಂಗಳು ಮುಂಚೆ ತಿಳಿಸಬೇಕು’ ಅಂತ ಬರೆದಿದ್ದರೆ ಆ ಮಾತೇ ನಡೆಯುತ್ತದೆ. 11 ತಿಂಗಳ ಅಗ್ರಿಮೆಂಟ್ ಮುಗಿದು, ಮತ್ತೆ ಬರೆಸದೆ, ಓನರ್ ಬಾಡಿಗೆ ತಗೊಳ್ಳುತ್ತಲೇ ಬಂದಿದ್ದರೆ ಸಾಮಾನ್ಯವಾಗಿ ನೀವು ತಿಂಗಳ ಲೆಕ್ಕದ ಬಾಡಿಗೆದಾರರು.

ಮುಚ್ಚಿಡದೆ ಹೇಳುತ್ತೇನೆ. ಈ ಕಾಯ್ದೆಯಡಿ ಓನರ್ ಸರಿಯಾಗಿ ನೋಟಿಸ್ ಕೊಟ್ಟು, ದಾವೆ ಹಾಕಿ, ಪಟ್ಟು ಹಿಡಿದರೆ ಕೊನೆಗೆ ಮನೆ ಬಿಡಬೇಕಾಗಿ ಬರುತ್ತದೆ. ಉಚಿತ ಲಾಯರ್ ಆಗಲಿ, ಲಕ್ಷ ಕೊಟ್ಟ ಲಾಯರ್ ಆಗಲಿ ಮನೆಯನ್ನು ನಿಮ್ಮ ಹೆಸರಿಗೆ ಮಾಡಿಸುವುದಿಲ್ಲ. ಕಾನೂನು ನೆರವಿನಿಂದ ಸಿಗುವುದು ಬೇರೆ: ಮನೆ ಹುಡುಕಲು ಮರ್ಯಾದೆಯ ಸಮಯ, ಅಡ್ವಾನ್ಸ್ ವಾಪಸ್, ಬಲವಂತದಿಂದ ರಕ್ಷಣೆ, ಸುಳ್ಳು ಬಾಕಿ ಲೆಕ್ಕಕ್ಕೆ ಉತ್ತರ. ಇಷ್ಟು ಸಿಕ್ಕರೆ ದೊಡ್ಡದು. ಕೇಸ್ ಎಳೆಯುತ್ತಾ ಹೋದರೆ ಅಷ್ಟೂ ದಿನಕ್ಕೆ ಪರಿಹಾರ ಕಟ್ಟಿ ಅಂತ ಕೋರ್ಟ್ ಹೇಳಬಹುದು. ‘ಹತ್ತು ವರ್ಷ ಎಳೆದುಬಿಡಿ, ಏನೂ ಆಗಲ್ಲ’ ಅನ್ನುವವರ ಮಾತು ಕೇಳುವ ಮುಂಚೆ ಇದನ್ನು ನೆನಪಿಡಿ.

ಫೋನ್ ಮಾಡುವ ಮುಂಚೆ ಒಂದು ಪುಟ ಬರೆಯಿರಿ

ಉಚಿತ ಸಹಾಯವಾಣಿಯಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. ‘ಓನರ್ ಒಳ್ಳೆಯವರೇ ಇದ್ದರು ಮೇಡಂ, ಅವರ ಮಗ ಬಂದ ಮೇಲೆ...’ ಅಂತ ಶುರು ಮಾಡಿದರೆ ಆ ನಿಮಿಷ ಅಲ್ಲಿಗೇ ಮುಗಿಯುತ್ತದೆ. ಬರೆದಿಟ್ಟುಕೊಂಡು ಓದಿ. ಹೀಗಿದ್ದರೆ ಸಾಕು:

‘2022ರ ಜೂನ್ 1ರಿಂದ ಈ ಮನೆಯಲ್ಲಿ ಬಾಡಿಗೆಗೆ ಇದ್ದೇನೆ. 11 ತಿಂಗಳ ಅಗ್ರಿಮೆಂಟ್, 2023ರ ಏಪ್ರಿಲ್ ಕೊನೆಗೆ ಮುಗಿಯಿತು, ಮತ್ತೆ ಬರೆಸಿಲ್ಲ. ಬಾಡಿಗೆ 12,000, ಯುಪಿಐನಲ್ಲಿ ಕೊಡುತ್ತೇನೆ. ಅಡ್ವಾನ್ಸ್ 1 ಲಕ್ಷ ಕೊಟ್ಟಿದ್ದೇನೆ, ಅಗ್ರಿಮೆಂಟ್‌ನಲ್ಲಿ ಬರೆದಿದೆ. ಎರಡು ತಿಂಗಳ ಬಾಡಿಗೆ ಬಾಕಿ ಇದೆ. ಮಾರ್ಚ್ 4ಕ್ಕೆ ಲಾಯರ್ ನೋಟಿಸ್ ಬಂತು. ಮಾರ್ಚ್ 9ರಿಂದ ನೀರು ಬಿಡುತ್ತಿಲ್ಲ. ಕೋರ್ಟ್‌ನಿಂದ ಏನೂ ಬಂದಿಲ್ಲ. ಮಕ್ಕಳ ಪರೀಕ್ಷೆ ಇದೆ, ಮೇ ಕೊನೆವರೆಗೆ ಸಮಯ ಬೇಕು. ಅಡ್ವಾನ್ಸ್ ವಾಪಸ್ ಬೇಕು.’

ಕೊನೆಯ ಎರಡು ವಾಕ್ಯವನ್ನು ಹೆಚ್ಚಿನವರು ಬಿಟ್ಟೇ ಬಿಡುತ್ತಾರೆ. ನಿಮಗೆ ಏನು ಬೇಕು ಅಂತ ನೀವೇ ಹೇಳದಿದ್ದರೆ ಆ ಕಡೆಯ ವಕೀಲರು ಕಾನೂನು ಪಾಠ ಮಾಡಿ ಫೋನ್ ಇಡುತ್ತಾರೆ. ಬಾಕಿ ಇದ್ದರೆ ಅದನ್ನೂ ಹೇಳಿ. ನಿಮ್ಮ ಪರ ಮಾತಾಡುವವರ ಹತ್ತಿರ ಮುಚ್ಚಿಟ್ಟು ಏನೂ ಪ್ರಯೋಜನ ಇಲ್ಲ. ಬಾಡಿಗೆ ಕೊಡದ ಒಂದೇ ಕಾರಣಕ್ಕೆ ಬಾಡಿಗೆ ಹಕ್ಕು ರದ್ದಾಗಿ ಕೇಸ್ ಬಂದಿದ್ದರೆ, ವಿಚಾರಣೆ ವೇಳೆ ಬಾಕಿ, ಬಡ್ಡಿ ಮತ್ತು ಕೇಸ್ ಖರ್ಚು ಕಟ್ಟಿದವರಿಗೆ ಕೋರ್ಟ್ ವಿನಾಯ್ತಿ ಕೊಡಬಹುದು ಅಂತ ಅದೇ 1882ರ ಕಾಯ್ದೆಯ 114ನೇ ಕಲಂ ಹೇಳುತ್ತದೆ.

ಪುಟದ ಜೊತೆಗೆ ಫೋನ್‌ನಲ್ಲಿ ಒಂದು ಫೋಲ್ಡರ್ ಮಾಡಿ. ಅಗ್ರಿಮೆಂಟಿನ ಎಲ್ಲ ಪುಟ, ಬ್ಯಾಂಕ್ ಸ್ಟೇಟ್‌ಮೆಂಟ್, ಅಡ್ವಾನ್ಸ್ ಕೊಟ್ಟ ದಾಖಲೆ, ಕರೆಂಟ್ ಬಿಲ್ಲು, ನೋಟಿಸ್, ಆಧಾರ್, ರೇಷನ್ ಕಾರ್ಡ್. ವಾಟ್ಸಾಪ್ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಸಾಲುವುದಿಲ್ಲ, ಮೂಲ ಮೆಸೇಜ್ ಇರುವ ಫೋನನ್ನೂ ಜೋಪಾನ ಮಾಡಿ. ಡಿಜಿಟಲ್ ದಾಖಲೆ ಕೋರ್ಟ್‌ಗೆ ಕೊಡುವಾಗ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇದನ್ನು ಕೇಳುತ್ತದೆ. ಅದನ್ನು ವಕೀಲರು ಮಾಡಿಸುತ್ತಾರೆ. ನಿಮ್ಮ ಕೆಲಸ ಹಳೆ ಫೋನನ್ನು ಎಕ್ಸ್‌ಚೇಂಜ್‌ಗೆ ಹಾಕದೇ ಇರುವುದು.

ಬಾಡಿಗೆಯನ್ನು ಕೈಗೇ ಕೊಡುತ್ತಿದ್ದರೆ ಇವತ್ತಿನಿಂದಲೇ ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಡಿ. ಜಗಳ ಆಯಿತು ಅಂತ ಬಾಡಿಗೆ ನಿಲ್ಲಿಸಬೇಡಿ. ನೀರು ನಿಲ್ಲಿಸಿದ್ದಾರೆ, ನಾನೂ ಬಾಡಿಗೆ ನಿಲ್ಲಿಸುತ್ತೇನೆ ಅನ್ನುವ ಲೆಕ್ಕ ಕೋರ್ಟ್‌ನಲ್ಲಿ ನಿಮಗೇ ಮುಳುವಾಗುತ್ತದೆ.

ಸಲಹೆ ಬೇಕಿದ್ದರೆ ಎರಡು ನಂಬರ್

15100 ಅನ್ನುವುದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಹಾಯವಾಣಿ. ಇದನ್ನು ಚಿಕ್ಕದಾಗಿ ನಾಲ್ಸಾ ಅನ್ನುತ್ತಾರೆ. ನಿಮ್ಮ ಜಿಲ್ಲೆಯ ಪ್ರಾಧಿಕಾರದ ಕಚೇರಿ ಎಲ್ಲಿದೆ, ಉಚಿತ ಲಾಯರ್ ಪಡೆಯಲು ನೀವು ಅರ್ಹರೇ, ಅರ್ಜಿ ಎಲ್ಲಿ ಹಾಕಬೇಕು ಅನ್ನುವುದನ್ನೆಲ್ಲ ಇಲ್ಲಿ ಕೇಳಬಹುದು.

14454 ಟೆಲಿ-ಲಾ ನಂಬರ್. ಇದು ಕೇಂದ್ರ ಕಾನೂನು ಸಚಿವಾಲಯದ ಯೋಜನೆ, 2017ರಲ್ಲಿ ಶುರುವಾಯಿತು. ಕೇಸ್ ಕೋರ್ಟ್‌ಗೆ ಹೋಗುವ ಮುಂಚಿನ ಸಲಹೆಗೆ ಇದು ಒಳ್ಳೆಯದು. ಮೂರು ದಾರಿ ಇದೆ: ನಂಬರ್‌ಗೆ ಫೋನ್ ಮಾಡುವುದು, ಟೆಲಿ-ಲಾ ಆ್ಯಪ್ ಹಾಕಿಕೊಳ್ಳುವುದು, ಇಲ್ಲವೇ ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗುವುದು. ಹೆಸರು, ಮೊಬೈಲ್ ನಂಬರ್, ವಿಷಯ ನೋಂದಾಯಿಸಿದ ಮೇಲೆ ಒಂದು ಸಮಯ ಕೊಡುತ್ತಾರೆ. ಆ ಹೊತ್ತಿಗೆ ವಕೀಲರು ಮಾತಾಡುತ್ತಾರೆ. ಮೊದಲು ಉಚಿತ ನೆರವಿಗೆ ಅರ್ಹರಲ್ಲದವರಿಂದ 30 ರೂಪಾಯಿ ತಗೊಳ್ಳುತ್ತಿದ್ದರು. 2022ರಲ್ಲಿ ಎಲ್ಲರಿಗೂ ಉಚಿತ ಅಂತ ಸರ್ಕಾರ ಘೋಷಿಸಿತು.

ನೋಂದಾಯಿಸುವಾಗ ಕನ್ನಡ ಬೇಕು ಅಂತ ಆರಿಸಿ. ‘ಇಂಗ್ಲಿಷ್ ಓಕೆ’ ಅಂದುಬಿಟ್ಟು ಆಮೇಲೆ ಅರ್ಧ ಅರ್ಥವಾಗದೆ ಒದ್ದಾಡುವುದು ಬೇಡ.

ಟೆಲಿ-ಲಾ ವಕೀಲರು ಸಲಹೆ ಕೊಡುತ್ತಾರೆ, ನಿಮ್ಮ ಪರ ಕೋರ್ಟ್‌ನಲ್ಲಿ ನಿಲ್ಲುವುದಿಲ್ಲ. ಸಮನ್ಸ್ ಬಂದಿದ್ದರೆ ಇಲ್ಲಿ ಸಮಯ ಕಳೆಯದೆ ಸೀದಾ ಲಾಯರ್ ಅರ್ಜಿಗೆ ಹೋಗಿ. ಬರೀ ನೋಟಿಸ್ ಬಂದಿದ್ದರೆ ಕೇಳಬೇಕಾದ ಪ್ರಶ್ನೆ ಮೂರು: ಈ ನೋಟಿಸ್ ಸರಿಯಾಗಿದೆಯೇ? ಉತ್ತರ ಕೊಡಬೇಕೇ, ಕೊಟ್ಟರೆ ಏನು ಬರೆಯಬೇಕು? ಅಡ್ವಾನ್ಸ್ ಬಗ್ಗೆ ಈಗಲೇ ಏನು ಮಾಡಬೇಕು? ನೋಟಿಸ್‌ಗೆ ಉತ್ತರ ಕೊಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಸುಮ್ನೆ ಕೂತರೆ ಅವರು ಬರೆದ ಬಾಕಿ ಲೆಕ್ಕವನ್ನು ನೀವು ಒಪ್ಪಿದ ಹಾಗೆ ಕಾಣುತ್ತದೆ.

ಕೋರ್ಟ್‌ನಲ್ಲಿ ನಿಲ್ಲುವ ಉಚಿತ ಲಾಯರ್

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಲ್ಲಿ ಯಾರಿಗೆ ಉಚಿತ ಲಾಯರ್ ಸಿಗಬೇಕು ಅಂತ ಪಟ್ಟಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಪ್ರವಾಹ, ಬರ, ಭೂಕಂಪದಂಥ ವಿಕೋಪಕ್ಕೆ ಸಿಕ್ಕವರು, ಬಂಧನದಲ್ಲಿರುವವರು, ಮಾನವ ಸಾಗಾಣಿಕೆಗೆ ಅಥವಾ ಜೀತಕ್ಕೆ ಬಲಿಯಾದವರು. ಇವರ್ಯಾರೂ ಅಲ್ಲದಿದ್ದರೆ ಆದಾಯ ನೋಡುತ್ತಾರೆ. ಆ ಮಿತಿಯನ್ನು ರಾಜ್ಯ ಸರ್ಕಾರ ಆಗಾಗ ಬದಲಿಸುತ್ತದೆ, 15100ಕ್ಕೆ ಕೇಳಿ ಈಗಿನದ್ದು ತಿಳಿದುಕೊಳ್ಳಿ.

ಇಲ್ಲಿ ಗಮನಿಸಿ: ಪಟ್ಟಿಯಲ್ಲಿ ‘ಬಡ ಮಹಿಳೆ’ ಅಂತ ಇಲ್ಲ, ‘ಮಹಿಳೆ’ ಅಂತ ಇದೆ. ಅವರಿಗೆ ಆದಾಯದ ಮಿತಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಅಗ್ರಿಮೆಂಟ್ ಹೆಂಡತಿಯ ಅಥವಾ ತಾಯಿಯ ಹೆಸರಿನಲ್ಲಿದ್ದರೆ ಅರ್ಜಿ ಅವರ ಹೆಸರಿನಲ್ಲೇ ಹೋಗಲಿ. ಆದಾಯದ ಆಧಾರದಲ್ಲಿ ಕೇಳುವವರಿಗೂ ಒಂದು ಅನುಕೂಲ ಇದೆ. ಆದಾಯದ ಬಗ್ಗೆ ನೀವು ಕೊಡುವ ಅಫಿಡವಿಟ್ಟನ್ನೇ ಸಾಕು ಅಂತ ಒಪ್ಪಿಕೊಳ್ಳಬಹುದು ಎಂದು 13ನೇ ಕಲಂ ಹೇಳುತ್ತದೆ. ತಾಲ್ಲೂಕು ಕಚೇರಿಯಿಂದ ಆದಾಯ ಪ್ರಮಾಣಪತ್ರ ಬರಲಿ ಅಂತ ಕಾಯುತ್ತಾ ಕೂರಬೇಡಿ.

ಅರ್ಜಿ ಹಾಕುವುದು ಹೀಗೆ. ನಾಲ್ಸಾ ವೆಬ್‌ಸೈಟ್ ತೆರೆಯಿರಿ. ಕಾನೂನು ನೆರವಿಗೆ ಅರ್ಜಿ ಅನ್ನುವ ಲಿಂಕ್ ಒತ್ತಿ. ಯಾವ ಪ್ರಾಧಿಕಾರಕ್ಕೆ ಅಂತ ಕೇಳಿದಾಗ ಜಿಲ್ಲಾ ಮಟ್ಟವನ್ನು ಆರಿಸಿ, ರಾಜ್ಯ ಮತ್ತು ಜಿಲ್ಲೆ ತುಂಬಿ. ಮನೆ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆ, ನಿಮ್ಮ ಹುಟ್ಟೂರಿನದ್ದಲ್ಲ. ವಿಷಯ ಬರೆಯುವ ಜಾಗದಲ್ಲಿ ಆಗ ಬರೆದ ಒಂದು ಪುಟವನ್ನೇ ಹಾಕಿ. ಕೋರ್ಟ್ ದಿನಾಂಕ ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ದಾಖಲೆ ಸೇರಿಸಿ ಕಳಿಸಿದ ಮೇಲೆ ಬರುವ ನಂಬರನ್ನು ಬರೆದಿಟ್ಟುಕೊಳ್ಳಿ. ಅರ್ಜಿಯ ಗತಿ ನೋಡಲು ಅದೇ ಬೇಕು.

ಆನ್‌ಲೈನ್ ಅರ್ಜಿ ಹಾಕಿ ಸುಮ್ಮನಾಗಬೇಡಿ. ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಜಿಲ್ಲಾ ಕಚೇರಿಗಳ ಫೋನ್ ನಂಬರ್ ಇದೆ. ಅಲ್ಲಿಗೆ ಫೋನ್ ಮಾಡಿ ‘ಅರ್ಜಿ ಹಾಕಿದ್ದೇನೆ, ಇಂಥ ದಿನ ಕೋರ್ಟ್ ಇದೆ’ ಅಂತ ಹೇಳಿ. ಜಿಲ್ಲಾ ಕಚೇರಿ ಇರುವುದು ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ, ತಾಲ್ಲೂಕುಗಳಲ್ಲಿ ಸಮಿತಿ ಇದೆ. ಓದು ಬರಹ ಬಾರದವರು ಬಾಯಿಮಾತಲ್ಲೇ ಹೇಳಬಹುದು, ಅಲ್ಲಿನ ಸಿಬ್ಬಂದಿ ಅಥವಾ ಅರೆಕಾಲಿಕ ಕಾನೂನು ಸ್ವಯಂಸೇವಕರು ಬರೆದುಕೊಳ್ಳುತ್ತಾರೆ.

ನ್ಯಾಯ ಬಂಧು ಅನ್ನುವ ಆ್ಯಪ್ ಕೂಡ ಇದೆ. ಉಚಿತವಾಗಿ ಕೇಸ್ ನಡೆಸಲು ಮುಂದೆ ಬಂದ ವಕೀಲರನ್ನು 12ನೇ ಕಲಂ ಪಟ್ಟಿಯವರಿಗೆ ಜೋಡಿಸಿಕೊಡುತ್ತದೆ. ಆತುರ ಇಲ್ಲದಿದ್ದರೆ ನೋಡಿ. ಕಾನೂನು ಕಾಲೇಜುಗಳ ನೆರವು ಕೇಂದ್ರಗಳೂ ಇವೆ. ಅಲ್ಲಿನ ವಿದ್ಯಾರ್ಥಿಗಳು ಕೋರ್ಟ್‌ನಲ್ಲಿ ವಾದ ಮಾಡುವಂತಿಲ್ಲ, ಆದರೆ ಕಾಗದ ಓದಿ ಅರ್ಥ ಹೇಳಲು, ನೋಟಿಸ್‌ಗೆ ಉತ್ತರದ ಕರಡು ಬರೆಯಲು ಸಹಾಯ ಮಾಡುತ್ತಾರೆ.

ನಿಮ್ಮ ಮೇಲೆ ಕೇಸ್ ಇದೆಯೇ ಅಂತ ನೀವೇ ನೋಡಿ

ಇಕೋರ್ಟ್ಸ್ ಸರ್ವೀಸಸ್ ಆ್ಯಪ್ ಉಚಿತ. ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ಕಕ್ಷಿದಾರರ ಹೆಸರು ಮತ್ತು ವರ್ಷ ಹಾಕಿ ಹುಡುಕಿ. ನಿಮ್ಮ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಎರಡು ಮೂರು ರೀತಿ ಹಾಕಿ ನೋಡಿ, ಓನರ್ ಹೆಸರನ್ನೂ ಹಾಕಿ. ಕೇಸ್ ಸಿಕ್ಕರೆ ಅದರ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಬರೆದಿಡಿ. ಮುಂದೆ ಆ ಒಂದು ನಂಬರ್ ಹಾಕಿದರೆ ಸಾಕು, ಮುಂದಿನ ದಿನಾಂಕ, ಅವತ್ತು ಏನಾಯಿತು, ಯಾವ ಆದೇಶ ಬಂತು ಎಲ್ಲವೂ ಕಾಣುತ್ತದೆ. ಲಾಯರ್ ಫೋನ್ ಎತ್ತದ ದಿನ ಇದರ ಬೆಲೆ ಗೊತ್ತಾಗುತ್ತದೆ.

ಬೆಂಗಳೂರಿನವರು ಲಘು ವ್ಯವಹಾರಗಳ ನ್ಯಾಯಾಲಯದಲ್ಲೂ ಹುಡುಕಬೇಕು. ಮನೆ ಖಾಲಿ ಮಾಡಿಸುವ ಕೇಸುಗಳು ಅಲ್ಲಿಯೂ ನಡೆಯುತ್ತವೆ. ಸಿಟಿ ಸಿವಿಲ್ ಕೋರ್ಟ್ ಮಾತ್ರ ನೋಡಿ ‘ಕೇಸ್ ಇಲ್ಲ’ ಅಂತ ನಿರಾಳ ಆಗಬೇಡಿ.

ಬೀಗ ಹಾಕಿದರೆ, ಸಾಮಾನು ಹೊರಗಿಟ್ಟರೆ

ಆಗ ಆನ್‌ಲೈನ್ ಅರ್ಜಿ ಆಮೇಲೆ. ಮೊದಲು 112ಕ್ಕೆ ಫೋನ್. ವೀಡಿಯೊ ಮಾಡಿ, ಅಕ್ಕಪಕ್ಕದವರನ್ನು ಸಾಕ್ಷಿಗೆ ಕರೆಯಿರಿ, ಕೈ ಮಾಡಬೇಡಿ.

ಪೊಲೀಸರು ‘ಇದು ಸಿವಿಲ್ ಮ್ಯಾಟರ್, ಕೋರ್ಟ್‌ಗೆ ಹೋಗಿ’ ಅನ್ನಬಹುದು. ಬಾಡಿಗೆ ಬಾಕಿ ಸಿವಿಲ್ ವಿಷಯ, ನಿಜ. ಮನೆಗೆ ನುಗ್ಗುವುದು, ಬೆದರಿಸುವುದು, ಹೊಡೆಯುವುದು ಅಪರಾಧ. ದೂರನ್ನು ಆ ಮಾತುಗಳಲ್ಲೇ ಬರೆಯಿರಿ: ಎಷ್ಟು ಗಂಟೆಗೆ, ಯಾರು ಬಂದರು, ಏನು ಮಾಡಿದರು, ಏನಂದರು. ಠಾಣೆಯಲ್ಲಿ ತಗೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಗೆ ಅಥವಾ ಕಮಿಷನರ್‌ಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಅಂತಲೇ ಕೇಳಿ.

ಕಾನೂನಿನ ಎರಡು ಆಸರೆ ಗೊತ್ತಿರಲಿ. ಒಂದು, ನೆಲೆಯೂರಿ ಸ್ವಾಧೀನದಲ್ಲಿರುವವರನ್ನು ನಿಜವಾದ ಮಾಲೀಕರೇ ಆದರೂ ಕೋರ್ಟ್ ಮೂಲಕವಲ್ಲದೆ ಬಲವಂತವಾಗಿ ಹೊರಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿದೆ. ಇನ್ನೊಂದು, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ. ಕಾನೂನಿನ ದಾರಿ ಬಿಟ್ಟು ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಮಾಲೀಕ ಯಾರು ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಇನ್ನೂ ಹೊರಹಾಕಿಲ್ಲ, ಆದರೆ ಹಾಕುವ ಲಕ್ಷಣ ಇದೆ ಅಂದರೆ ತಡೆಯಾಜ್ಞೆ ಕೇಳುವುದು. ಮೂರಕ್ಕೂ ಲಾಯರ್ ಬೇಕು. ಜಿಲ್ಲಾ ಪ್ರಾಧಿಕಾರಕ್ಕೆ ಹೋದಾಗ ‘ಬಲವಂತದ ತೆರವು, ಅರ್ಜೆಂಟ್’ ಅಂತ ಮೊದಲೇ ಹೇಳಿ.

ಕರೆಂಟ್ ವಿಷಯಕ್ಕೂ ಒಂದು ಮಾತು. ವಿದ್ಯುತ್ ಮೂಲ ಸೌಲಭ್ಯ, ಓನರ್ ಒಪ್ಪಿಗೆ ಪತ್ರ ಕೊಡಲಿಲ್ಲ ಅನ್ನುವ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನೋಟಿಸ್‌ಗೆ ಉತ್ತರ ಬರೆಸುವಾಗ ಇದನ್ನು ವಕೀಲರ ಗಮನಕ್ಕೆ ತನ್ನಿ.

ಲೀಸ್‌ಗೆ ಇರುವವರು, ಬ್ಯಾಂಕ್ ನೋಟಿಸ್ ಬಂದವರು

ಒಂದೇ ಸಲ ಲಕ್ಷಗಟ್ಟಲೆ ಕೊಟ್ಟು ಲೀಸ್‌ಗೆ, ಭೋಗ್ಯಕ್ಕೆ ಮನೆ ಹಿಡಿದವರ ತಲೆನೋವು ಬೇರೆ. ಓನರ್ ಸಾಲ ಕಟ್ಟಿರುವುದಿಲ್ಲ, ಒಂದು ದಿನ ಬ್ಯಾಂಕಿನವರು ಗೋಡೆಗೆ ನೋಟಿಸ್ ಅಂಟಿಸಿ ಹೋಗುತ್ತಾರೆ. ಇದು ಸಾಲ ಕಟ್ಟದವರ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ತಗೊಳ್ಳುವ 2002ರ ಸರ್ಫೇಸಿ ಕಾಯ್ದೆಯ ವಿಷಯ, ಮಾಮೂಲಿ ಸಿವಿಲ್ ಕೋರ್ಟ್‌ಗೆ ಹೋದರೆ ಆಗುವುದಿಲ್ಲ. ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಬ್ಯಾಂಕ್ ಸ್ವಾಧೀನದ ಕ್ರಮ ತಗೊಂಡ 45 ದಿನದೊಳಗೆ ಅರ್ಜಿ ಹಾಕಬೇಕು. ನಿಮ್ಮ ಕರಾರು ಬ್ಯಾಂಕ್ ಅಡಮಾನಕ್ಕಿಂತ ಮುಂಚಿನದ್ದೇ, ನೋಂದಣಿ ಆಗಿದೆಯೇ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸ್ ನೋಂದಣಿ ಆಗಲೇಬೇಕು. ಬರೀ ಸ್ಟಾಂಪ್ ಪೇಪರಿನಲ್ಲಿ ಬರೆಸಿಕೊಂಡ ಕರಾರಿಗೆ ಇಲ್ಲಿ ಬಲ ಕಮ್ಮಿ. ಇಂಥ ನೋಟಿಸ್ ಕಂಡ ದಿನವೇ 15100ಕ್ಕೆ ಮಾತಾಡಿ, ‘ಸರ್ಫೇಸಿ’ ಅನ್ನುವ ಪದ ಬಳಸಿ.

ರಾಜಿಗೆ ಕೂತಾಗ

ಬಾಡಿಗೆ ಜಗಳ ಹೆಚ್ಚಾಗಿ ಮುಗಿಯುವುದು ರಾಜಿಯಲ್ಲಿ. ಕೇಸ್ ಆಗುವ ಮುಂಚೆಯೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಓನರನ್ನು ಮಾತುಕತೆಗೆ ಕರೆಸಬಹುದು. ಪ್ರಾಧಿಕಾರ ನಡೆಸುವ ರಾಜಿ ನ್ಯಾಯಾಲಯವಾದ ಲೋಕ ಅದಾಲತ್‌ಗೆ ಫೀಸ್ ಇಲ್ಲ. ಕೋರ್ಟ್‌ನಲ್ಲಿ ಆಗಲೇ ನಡೆಯುತ್ತಿರುವ ಕೇಸ್ ಅಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ಓನರ್‌ಗೂ ಇದರಿಂದ ಲಾಭ ಇರುವುದರಿಂದ ಬರುತ್ತಾರೆ.

ಆದರೆ ಲೋಕ ಅದಾಲತ್ ತೀರ್ಪಿಗೆ ಡಿಕ್ರಿಯ ಬಲ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ. ‘ಮೇ 31ಕ್ಕೆ ಬಿಡುತ್ತೇನೆ’ ಅಂತ ಸಹಿ ಮಾಡಿ ಬಿಡದಿದ್ದರೆ ಓನರ್ ಹೊಸ ಕೇಸ್ ಹಾಕಬೇಕಿಲ್ಲ, ತೀರ್ಪು ಜಾರಿ ಮಾಡಿಸಿ ಅಂತ ಸೀದಾ ಅರ್ಜಿ ಹಾಕುತ್ತಾರೆ. ಹಾಗಾಗಿ ಸಹಿಗೆ ಮುಂಚೆ ಒಂದೊಂದು ಸಾಲೂ ಓದಿಸಿ ಕೇಳಿ. ‘ಅಡ್ವಾನ್ಸ್ ಆಮೇಲೆ ಕೊಡುತ್ತಾರಂತೆ’ ಅನ್ನುವ ಮಾತಿಗೆ ಒಪ್ಪಬೇಡಿ. ಕೀ ಕೊಡುವ ದಿನವೇ, ಇಷ್ಟು ರೂಪಾಯಿ, ಈ ಖಾತೆಗೆ ಅಂತ ಬರೆಸಿ. ಪೇಂಟಿಂಗ್‌ಗೆ ಎಷ್ಟು ಹಿಡಿದುಕೊಳ್ಳುತ್ತಾರೆ ಅನ್ನುವುದೂ ಅಲ್ಲೇ ಬರಲಿ. ಅಡ್ವಾನ್ಸ್ ಜಗಳದಲ್ಲಿ ಅರ್ಧ ಈ ಪೇಂಟಿಂಗ್ ಲೆಕ್ಕದ್ದೇ. ಅಲ್ಲಿವರೆಗಿನ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಕಳೆಯುತ್ತಾರೋ, ಬೇರೆ ಕೊಡಬೇಕೋ ಅದೂ ಇರಲಿ.

ದುಡ್ಡು ಕೊಟ್ಟೇ ಲಾಯರ್ ಹಿಡಿಯುವುದಾದರೆ

ಉಚಿತ ನೆರವಿಗೆ ಅರ್ಹತೆ ಇಲ್ಲ ಅಂತಿಟ್ಟುಕೊಳ್ಳಿ. ಆಗಲೂ ಇಡೀ ಕೇಸ್ ಒಪ್ಪಿಸುವ ಮುಂಚೆ ನೋಟಿಸ್‌ಗೆ ಉತ್ತರ ಬರೆಸುವುದಕ್ಕೆ ಮಾತ್ರ ಎಷ್ಟು ಅಂತ ಕೇಳಬಹುದು. ಯಾವ ಹಂತಕ್ಕೆ ಎಷ್ಟು ಅನ್ನುವುದನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕದಲ್ಲಿ ಅದು ಕೆಎಆರ್ ಅಂತ ಶುರುವಾಗಿ ಕೊನೆಗೆ ವರ್ಷ ಇರುತ್ತದೆ. ‘ಅಡ್ವಾನ್ಸ್ ಬಿಡಿಸಿಕೊಟ್ಟರೆ ಇಷ್ಟು ಪರ್ಸೆಂಟ್’ ಅನ್ನುವವರಿಂದ ದೂರ ಇರಿ. ಗೆದ್ದ ದುಡ್ಡಿನಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ವಕೀಲರು ಜಾಹೀರಾತು ಕೊಟ್ಟು ಕೇಸ್ ಹಿಡಿಯುವುದೂ ಅದೇ ನಿಯಮಗಳ ಪ್ರಕಾರ ತಪ್ಪು. ಹಾಗಾಗಿ ಇನ್‌ಸ್ಟಾಗ್ರಾಮ್‌ನಲ್ಲಿ ‘24 ಗಂಟೆಯಲ್ಲಿ ಸ್ಟೇ’ ಅನ್ನುವವರನ್ನು ಕಂಡರೆ ಮುಂದಕ್ಕೆ ಸರಿಸಿ.

ವಾಟ್ಸಾಪ್‌ನಲ್ಲಿ ಓಡಾಡುವ ‘ಹೊಸ ಬಾಡಿಗೆ ಕಾನೂನು, ಅಡ್ವಾನ್ಸ್ ಎರಡೇ ತಿಂಗಳದ್ದು’ ಅನ್ನುವ ಮೆಸೇಜನ್ನೂ ಹಾಗೇ ಬಿಡಿ. ಅದು 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಕಾಯ್ದೆಯ ಮಾತು. ರಾಜ್ಯ ಅದನ್ನು ತನ್ನ ಕಾನೂನು ಮಾಡಿಕೊಳ್ಳದ ಹೊರತು ಕೋರ್ಟ್‌ನಲ್ಲಿ ನಡೆಯುವುದಿಲ್ಲ. ಎಐ ಚಾಟ್‌ಬಾಟ್ ಕೊಡುವ ತೀರ್ಪಿನ ಹೆಸರುಗಳೂ ಎಷ್ಟೋ ಸಲ ಹುಟ್ಟೇ ಇಲ್ಲದವು. ನೋಟಿಸ್‌ನ ಇಂಗ್ಲಿಷ್ ಅರ್ಥ ಮಾಡಿಕೊಳ್ಳಲು ಅದನ್ನು ಬಳಸಿ, ಉತ್ತರ ಬರೆಸಲು ಬೇಡ. ಕರ್ನಾಟಕದ ಕಾಯ್ದೆಗಳ ಮೂಲ ಪಠ್ಯ ರಾಜ್ಯದ ಸಂಸದೀಯ ವ್ಯವಹಾರಗಳ ಮತ್ತು ಶಾಸನ ರಚನೆ ಇಲಾಖೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಸಿಗುತ್ತದೆ.

ಉಚಿತ ಲಾಯರ್ ಸಿಕ್ಕ ಮೇಲೆ

ಪ್ರಾಧಿಕಾರ ನೇಮಿಸಿದ ಲಾಯರ್ ಹೆಸರು, ನಂಬರ್ ನಿಮಗೆ ತಿಳಿಸುತ್ತಾರೆ. ನಿಮ್ಮ ಪರ ಕೇಸ್ ನಡೆಸಲು ಅವರಿಗೆ ಅಧಿಕಾರ ಕೊಡುವ ವಕಾಲತ್ತು ಪತ್ರಕ್ಕೆ ನೀವು ಸಹಿ ಮಾಡಬೇಕು. ಅವರಿಗೆ ಪ್ರಾಧಿಕಾರವೇ ಹಣ ಕೊಡುತ್ತದೆ. ಕೋರ್ಟ್ ಶುಲ್ಕ, ಟೈಪಿಂಗ್, ದೃಢೀಕೃತ ಪ್ರತಿಗಳ ಖರ್ಚೂ ನೆರವಿನೊಳಗೇ ಬರುತ್ತದೆ. ನಿಮ್ಮಿಂದ ಫೀಸ್ ಕೇಳುವಂತಿಲ್ಲ. ಬಾಕಿ ಬಾಡಿಗೆ ಮಾತ್ರ ನಿಮ್ಮದೇ.

ಉಚಿತ ಲಾಯರ್ ಅಂದರೆ ಕೆಲಸ ಮಾಡುವುದಿಲ್ಲ ಅನ್ನುವ ಮಾತಿದೆ. ಕೆಲವರ ವಿಷಯದಲ್ಲಿ ನಿಜವೂ ಹೌದು, ದುಡ್ಡು ಕೊಟ್ಟ ಲಾಯರ್ ವಿಷಯದಲ್ಲೂ ಅಷ್ಟೇ ನಿಜ. ಪ್ರತಿ ದಿನಾಂಕದ ಸಂಜೆ ಇಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ಹಾಕಿ ನೋಡಿ. ಲಾಯರ್ ಎರಡು ಸಲ ಹಾಜರಾಗದಿದ್ದರೆ ಅಥವಾ ದುಡ್ಡು ಕೇಳಿದರೆ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ಕೊಡಿ. ಆ ಹುದ್ದೆಯಲ್ಲಿ ಇರುವವರು ನ್ಯಾಯಾಧೀಶರು. ಅರ್ಜಿಯಲ್ಲಿ ಕೇಸ್ ನಂಬರ್, ತಪ್ಪಿದ ದಿನಾಂಕಗಳು, ಮುಂದಿನ ದಿನಾಂಕ, ‘ಬೇರೆ ವಕೀಲರನ್ನು ನೇಮಿಸಿ’ ಅನ್ನುವ ಕೋರಿಕೆ ಇದ್ದರೆ ಸಾಕು. ಒಂದು ಪ್ರತಿಗೆ ಕಚೇರಿಯ ಸೀಲ್ ಹಾಕಿಸಿಕೊಂಡು ಬನ್ನಿ. ಹೊಸ ಲಾಯರ್ ಬರುವವರೆಗೆ ದಿನಾಂಕ ಬಂದರೆ ನೀವೇ ಕೋರ್ಟ್‌ಗೆ ಹೋಗಿ, ಹೆಸರು ಕೂಗಿದಾಗ ನಿಂತು ‘ಲಾಯರ್ ಬದಲಾವಣೆಗೆ ಅರ್ಜಿ ಕೊಟ್ಟಿದ್ದೇನೆ, ಸಮಯ ಕೊಡಿ’ ಅಂತ ಕನ್ನಡದಲ್ಲೇ ಹೇಳಿ, ಸೀಲ್ ಇರುವ ಪ್ರತಿ ತೋರಿಸಿ.